ಪ್ಲಾಸ್ಟಿಕ್ ಸರ್ಜರಿ ಕೆರಿಯರ್ ಬಗ್ಗೆ ವಿದ್ಯಾರ್ಥಿಗಳಿಗೆ ಆನ್‌ಲೈನ್ ಸೆಮಿನಾರ್: ಏನು ತೋರಿಸಬೇಕು, ಏನು ಬಿಡಬೇಕು?

ಸೂಜಿದಾರ

ಎಲ್ಲರಿಗೂ ನಮಸ್ಕಾರ. ನಾನು ಪ್ಲಾಸ್ಟಿಕ್ ಸರ್ಜನ್, ಪಾಠವನ್ನೂ ಮಾಡುತ್ತೇನೆ. ಮೆಡಿಕಲ್ ಓದುತ್ತಿರುವವರಿಗೆ ನಮ್ಮ ವಿಭಾಗದಲ್ಲಿ ನಿಜವಾಗಿ ಏನು ನಡೆಯುತ್ತದೆ, ಇದನ್ನೇ ಹಿಡಿದರೆ ಬದುಕು ಹೇಗಿರುತ್ತದೆ ಅಂತ ತೋರಿಸಲು ಆನ್‌ಲೈನ್ ಸೆಮಿನಾರ್ ಮಾಡೋಣ ಅಂತಿದ್ದೇನೆ. ತಿಂಗಳಿಗೊಂದು, ಸಂಜೆ ಹೊತ್ತು, ಒಂದು ಗಂಟೆ.

ಜನರಲ್ ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ ಎಲ್ಲವನ್ನೂ ವಿದ್ಯಾರ್ಥಿಗಳು ವಾರಗಟ್ಟಲೆ ನೋಡುತ್ತಾರೆ. ನಮ್ಮಲ್ಲಿಗೆ ಬಂದರೆ ನಾಲ್ಕೈದು ದಿನ, ಎಷ್ಟೋ ಕಾಲೇಜುಗಳಲ್ಲಿ ವಿಭಾಗವೇ ಇರುವುದಿಲ್ಲ. ಹಾಗಾಗಿ ಮೂಗು ತಿದ್ದೋದು, ಸುಕ್ಕು ತೆಗೆಯೋದು ಬಿಟ್ಟರೆ ನಾವು ಇನ್ನೇನೂ ಮಾಡಲ್ಲ ಅಂತಲೇ ತುಂಬಾ ಜನ ನಂಬಿರುತ್ತಾರೆ. ಸುಟ್ಟ ಗಾಯ, ತುಂಡಾದ ಬೆರಳು, ಸೀಳುತುಟಿ, ಕ್ಯಾನ್ಸರ್ ತೆಗೆದ ಮೇಲೆ ದವಡೆ ಕಟ್ಟೋದು, ಮಲಗಿದಲ್ಲೇ ಇರುವವರ ಒತ್ತುಗಾಯ, ಇದ್ಯಾವುದೂ ಅವರ ತಲೆಯಲ್ಲಿ ಇರುವುದಿಲ್ಲ.

ಇಂಥ ಸೆಮಿನಾರ್ ನೋಡಿದವರು, ನಡೆಸಿದವರು, ಬೇಸರದಿಂದ ಮಧ್ಯದಲ್ಲೇ ಎದ್ದು ಹೋದವರು, ಎಲ್ಲರೂ ಹೇಳಿ. ಸುಮ್ನೆ ಹೊಗಳೋದು ಬೇಡ.

ಕೊನೇಬೆಂಚು

ಎದ್ದು ಹೋದವನು ನಾನೇ ಸರ್, ಮೊದಲು ನಾನೇ ಹೇಳುತ್ತೇನೆ. 😄 ಕೊನೇ ವರ್ಷದಲ್ಲಿದ್ದೇನೆ.

ಹೆಚ್ಚಿನ ವೆಬಿನಾರ್‌ಗಳು ಹೀಗಿರುತ್ತವೆ. ಮೊದಲ ಹತ್ತು ನಿಮಿಷ ಎಲ್ಲರಿಗೂ ಸ್ವಾಗತ. ಇನ್ನು ಹತ್ತು ನಿಮಿಷ ಭಾಷಣಕಾರರ ಪರಿಚಯ, ಅವರ ಪ್ರಶಸ್ತಿಗಳು, ಅವರ ಪೇಪರುಗಳು. ಆಮೇಲೆ ಸುಶ್ರುತನ ಸ್ಲೈಡ್. ಆಮೇಲೆ ಇಷ್ಟು ವರ್ಷ ಓದಬೇಕು ಅನ್ನುವ ಬಾಣದ ಗುರುತಿನ ಚಿತ್ರ. ಅಷ್ಟರಲ್ಲಿ ನಮ್ಮಲ್ಲಿ ಅರ್ಧ ಜನ ಕ್ಯಾಮೆರಾ ಆಫ್ ಮಾಡಿ ಬೇರೆ ಕೆಲಸ ನೋಡುತ್ತಿರುತ್ತೇವೆ, ಕೊನೆಯಲ್ಲಿ ಸರ್ಟಿಫಿಕೇಟ್ ಲಿಂಕ್ ಬರುತ್ತದಲ್ಲ, ಅದಕ್ಕೆ ಕಾಯುತ್ತಾ. ದಯವಿಟ್ಟು ಇದನ್ನು ಮಾಡಬೇಡಿ.

ನನಗೆ ಬೇಕಿರೋದು ಒಂದೇ. ಬೆಳಿಗ್ಗೆ ಎದ್ದರೆ ನಿಮ್ಮ ದಿನ ಹೇಗಿರುತ್ತದೆ? ಅದನ್ನು ಯಾರೂ ಹೇಳುವುದೇ ಇಲ್ಲ.

ಸೂಜಿದಾರ

ಸುಶ್ರುತನನ್ನು ಪೂರ್ತಿ ಕೈಬಿಡೋಕೆ ಮನಸ್ಸಿಲ್ಲ ಮಾರಾಯ! ಭಾರತದಲ್ಲಿ ಮಾಡುತ್ತಿದ್ದ, ಹಣೆಯ ಚರ್ಮ ತಿರುಗಿಸಿ ಮೂಗು ಕಟ್ಟುವ ವಿಧಾನ 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು, ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಅಲ್ಲೇ ಮಾಡಿ ನೋಡಿದ. ಒಳ್ಳೆ ಕಥೆ ಅದು. ಆದರೆ ನೀವು ಹೇಳೋದು ಸರಿ, ಮೊದಲ ಸ್ಲೈಡ್ ಅದಲ್ಲ.

ಶುರುವಿಗೆ ಒಂದು ಪೋಲ್ ಇಡೋಣ ಅಂತಿದ್ದೇನೆ. ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದ್ದು ಯಾವ ವಿಭಾಗದ ಸರ್ಜನ್? ಯುರಾಲಜಿ, ಜನರಲ್ ಸರ್ಜರಿ ಅಂತ ಎಲ್ಲರೂ ಒತ್ತುತ್ತಾರೆ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ಅವಳಿ ಅಣ್ಣತಮ್ಮಂದಿರ ನಡುವೆ ಅದನ್ನು ಮಾಡಿದ ಜೋಸೆಫ್ ಮರ್ರೆ ಪ್ಲಾಸ್ಟಿಕ್ ಸರ್ಜನ್. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಸೈನಿಕರಿಗೆ ಬೇರೆಯವರ ಚರ್ಮ ಹಾಕುತ್ತಿದ್ದಾಗ ಅದು ಯಾಕೆ ಉಳಿಯುವುದಿಲ್ಲ ಅನ್ನೋ ಪ್ರಶ್ನೆ ಅವರನ್ನು ಹಿಡಿದುಕೊಂಡಿತು, ಅಲ್ಲಿಂದ ಕಿಡ್ನಿಗೆ ಹೋದರು. 1990ರಲ್ಲಿ ನೊಬೆಲ್ ಬಂತು. ಈ ಉತ್ತರ ಕೇಳಿದರೆ 'ಇವರು ಏನು ಮಾಡುತ್ತಾರೆ' ಅನ್ನುವ ಕುತೂಹಲ ತಾನಾಗಿ ಹುಟ್ಟುತ್ತದೆ ಅಂದುಕೊಂಡಿದ್ದೇನೆ.

ರಾತ್ರಿಪಾಳಿ

ನಾನು ರೆಸಿಡೆಂಟ್, ಅಂದರೆ ಈ ವಿಭಾಗದಲ್ಲಿ ತರಬೇತಿಯಲ್ಲಿರುವ ಡಾಕ್ಟರ್. ಆಪರೇಷನ್ ವಿಡಿಯೋ ತೋರಿಸಿದರೆ ವಿದ್ಯಾರ್ಥಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನಿಜ. ಆದರೆ ಅದರಿಂದ ಈ ಕೆಲಸ ಏನು ಅಂತ ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ ಆಪರೇಷನ್ ಮುಗಿದ ಮೇಲಿನ ರಾತ್ರಿಯನ್ನು ತೋರಿಸಿ.

ತೊಡೆಯಿಂದ ಒಂದು ತುಂಡು ಚರ್ಮವನ್ನು ಅದರ ಆರ್ಟರಿ, ವೇನ್ ಸಮೇತ ತೆಗೆದು ಬಾಯೊಳಗೆ ಕೂರಿಸಿರುತ್ತೇವೆ. ಎರಡು ಮೂರು ಮಿಲಿಮೀಟರ್ ನಾಳ, ಕೂದಲಿಗಿಂತ ಸಣ್ಣ ದಾರ. ಇಡೀ ದಿನ ಅದರಲ್ಲೇ ಹೋಗಿರುತ್ತದೆ. ಸೀನಿಯರ್ ಮನೆಗೆ ಹೋಗುತ್ತಾರೆ, ನಾವು ಇರುತ್ತೇವೆ. ಮೊದಲ ಒಂದೆರಡು ದಿನ ಗಂಟೆಗೊಮ್ಮೆ ಟಾರ್ಚ್ ಹಿಡಿದುಕೊಂಡು ಹೋಗಿ ಫ್ಲ್ಯಾಪ್, ಅಂದರೆ ಆ ಕೂರಿಸಿದ ತುಂಡನ್ನು ನೋಡಬೇಕು. ಬಣ್ಣ ಹೇಗಿದೆ? ಬೆಚ್ಚಗಿದೆಯಾ? ಬೆರಳಲ್ಲಿ ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬರಲು ಎಷ್ಟು ಹೊತ್ತು? ಬಿಳಿಚಿಕೊಂಡು ತಣ್ಣಗಾಗಿ, ಒತ್ತಿದ ಕಡೆ ಬಣ್ಣವೇ ಬರದಿದ್ದರೆ ಆರ್ಟರಿ ಕಟ್ಟಿದೆ ಅಂತ ಅನುಮಾನ. ನೇರಳೆ ತಿರುಗಿ, ಬಿಗಿದುಕೊಂಡು, ಒತ್ತಿ ಬಿಟ್ಟ ಕೂಡಲೇ ಟಪ್ ಅಂತ ಬಣ್ಣ ಬಂದರೆ ವೇನ್ ಕಟ್ಟಿದೆ. ಎರಡನೆಯದರಲ್ಲಿ ಹೊಸಬರು ಮೋಸ ಹೋಗುತ್ತಾರೆ, ಯಾಕೆಂದರೆ ಬಣ್ಣ ಬೇಗ ಬಂತು, ಚೆನ್ನಾಗಿದೆ ಅಂತ ಅನಿಸುತ್ತದೆ.

ಈಗ ಪೋಲ್ ಹಾಕಿ. ರಾತ್ರಿ ಮೂರು ಗಂಟೆ. ಎರಡು ಗಂಟೆಗೆ ನೋಡಿದಾಗ ಸರಿಯಿತ್ತು. ಈಗ ಸ್ವಲ್ಪ ನೀಲಿ ಅನಿಸುತ್ತಿದೆ, ಖಾತ್ರಿ ಇಲ್ಲ. ಫೋನ್ ಮಾಡುತ್ತೀರಾ, ಇನ್ನೊಂದು ಗಂಟೆ ನೋಡುತ್ತೀರಾ? ಅರ್ಧಕ್ಕರ್ಧ ಜನ 'ನೋಡುತ್ತೇವೆ' ಅಂತಾರೆ, ಬೈಗುಳದ ಭಯಕ್ಕೆ. ಆಗ ಹೇಳಿ, ಫೋನ್ ಮಾಡಬೇಕು, ಬೇಗ ಥಿಯೇಟರಿಗೆ ವಾಪಸ್ ಹೋದರೆ ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ, ತಡವಾದಷ್ಟೂ ಕಡಿಮೆ. ಆ ಫೋನ್ ಮಾಡುವವನ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ವಿದ್ಯಾರ್ಥಿಗೆ ಗೊತ್ತಾಗಲಿ. ಇದು ಇಷ್ಟ ಆದವರು ಬರುತ್ತಾರೆ, ಆಗದವರು ಬರುವುದಿಲ್ಲ. ಎರಡೂ ಒಳ್ಳೆಯದೇ ಅಲ್ವಾ?

ಹಳೇಕತ್ತರಿ

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಕ್ಷಮಿಸಿ. ಸರ್ಜರಿ ಪರದೆ ಮೇಲೆ ನೋಡಿ ಆಯ್ಕೆ ಮಾಡುವ ವಿಷಯ ಅಲ್ಲ. ಸುಟ್ಟ ಗಾಯದ ವಾರ್ಡಿನ ವಾಸನೆ ಸ್ಕ್ರೀನಿನಲ್ಲಿ ಬರುವುದಿಲ್ಲ. ಡ್ರೆಸಿಂಗ್ ಬಿಚ್ಚುವಾಗ ಮಗು ಕಿರುಚುವುದನ್ನು ಮ್ಯೂಟ್ ಮಾಡಿ ತೋರಿಸುತ್ತೀರಿ. ಆರು ಗಂಟೆ ನಿಂತು ರಿಟ್ರ್ಯಾಕ್ಟರ್ (ಗಾಯವನ್ನು ಅಗಲಿಸಿ ಹಿಡಿಯುವ ಸಾಧನ) ಹಿಡಿದರೆ ಬೆನ್ನು ಏನು ಹೇಳುತ್ತದೆ, ಅದು ಗೊತ್ತಾಗುವುದಿಲ್ಲ. ನಮ್ಮ ಕಾಲದಲ್ಲಿ ಒಬ್ಬ ಹಿರಿಯರ ಹಿಂದೆ ಬಿದ್ದು, ಬೈಸಿಕೊಂಡು, ಒಂದು ದಿನ ಅವರು 'ಕೈ ತೊಳ್ಕೊಂಡು ಬಾ' ಅಂದಾಗ ನಮ್ಮ ದಾರಿ ನಿಶ್ಚಯವಾಗುತ್ತಿತ್ತು.

2020ರಲ್ಲಿ ಆಸ್ಪತ್ರೆಗಳು ವಿದ್ಯಾರ್ಥಿಗಳನ್ನು ವಾರ್ಡಿನಿಂದ ಹೊರಗಿಟ್ಟಿದ್ದವು, ಆಗ ಬೇರೆ ದಾರಿ ಇರಲಿಲ್ಲ, ವೆಬಿನಾರ್ ಬಂತು. ಸರಿ. ಈಗ ವಾರ್ಡಿನ ಬಾಗಿಲು ತೆರೆದಿದೆಯಲ್ಲ? ಇನ್ನೂ ಯಾಕೆ ಪರದೆ?

ದೂರದಕಾಲೇಜು

ಹಳೇಕತ್ತರಿ ಸರ್, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಯಾವ ವಾರ್ಡಿನ ಬಾಗಿಲು? ನಮ್ಮ ಕಾಲೇಜಿನಲ್ಲಿ ಪ್ಲಾಸ್ಟಿಕ್ ಸರ್ಜರಿ ಇಲ್ಲ, ನ್ಯೂರೋಸರ್ಜರಿ ಇಲ್ಲ, ಮಕ್ಕಳ ಸರ್ಜರಿ ಇಲ್ಲ. ಹಿಂದೆ ಬೀಳೋಣ ಅಂದರೆ ಬೀಳುವುದಕ್ಕೆ ಹಿರಿಯರೇ ಇಲ್ಲ. ಬೆರಳು ತುಂಡಾದ ರೋಗಿ ಬಂದರೆ ಡ್ರೆಸಿಂಗ್ ಹಾಕಿ, ಕಾಗದ ಬರೆದು, ಬೇರೆ ಕಡೆ ಕಳಿಸುತ್ತೇವೆ. ಆಮೇಲೆ ಆ ಬೆರಳು ಏನಾಯಿತು ಅಂತ ನಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ದೊಡ್ಡ ಆಸ್ಪತ್ರೆಯ ಕಾಲೇಜಿನಲ್ಲಿ ಓದುವವರಿಗೆ ಕಾರಿಡಾರಿನಲ್ಲಿ ನಡೆದರೂ ಈ ವಿಷಯಗಳು ಕಿವಿಗೆ ಬೀಳುತ್ತವೆ. ನಮ್ಮಂಥವರಿಗೆ ಪರದೆಯೇ ಕಾರಿಡಾರು. ನೀವು ಸೆಮಿನಾರ್ ಮಾಡುವುದಿದ್ದರೆ ನಿಮ್ಮದೇ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಲಿಂಕ್ ಹಾಕಬೇಡಿ, ಅಷ್ಟು ಸಾಕು.

ಹಳೇಕತ್ತರಿ

ಒಪ್ಪಿದೆ. ವಿಭಾಗ ಇಲ್ಲದ ಕಡೆಯವರ ಬಗ್ಗೆ ನಾನು ಯೋಚಿಸಿ ಬರೆದಿರಲಿಲ್ಲ. ಆದರೂ ಪ್ರಶ್ನೆ ಹಾಗೇ ಉಳಿಯುತ್ತದೆ ತಾಯಿ. ಸೆಮಿನಾರ್ ಮುಗಿಯಿತು, ನಿಮಗೆ ಆಸೆ ಹುಟ್ಟಿತು, ಲ್ಯಾಪ್‌ಟಾಪ್ ಮುಚ್ಚಿದಿರಿ. ಮರುದಿನ ಏನು? ಯಾರಿಗೆ ಫೋನ್ ಮಾಡುತ್ತೀರಿ? ಅದಕ್ಕೆ ಉತ್ತರ ಇಲ್ಲದಿದ್ದರೆ ಆಸೆ ಹುಟ್ಟಿಸಿ ಕೈಬಿಟ್ಟ ಹಾಗೆ ಆಗುತ್ತದೆ.

ಎಡಗೈ

ಕೈ ಮತ್ತು ಮೈಕ್ರೋಸರ್ಜರಿ ಮಾಡುತ್ತೇನೆ, ಇಂಥ ಕೆಲವು ಸೆಮಿನಾರ್‌ಗಳಲ್ಲಿ ಮಾತಾಡಿದ್ದೇನೆ. ಭಾಷಣಕ್ಕಿಂತ ಪ್ರಶ್ನೋತ್ತರವೇ ಮುಖ್ಯ ಅನ್ನೋದು ನನ್ನ ಅಭಿಪ್ರಾಯ. ಅದೂ ಹೆಸರಿಲ್ಲದೆ ಕೇಳಲು ಬಿಟ್ಟರೆ ಮಾತ್ರ. ಹೆಸರು ಕಾಣುವಾಗ 'ಮೇಡಂ, ಇತ್ತೀಚಿನ ಬೆಳವಣಿಗೆಗಳೇನು' ಅಂತ ಕೇಳುತ್ತಾರೆ. ಹೆಸರು ಮುಚ್ಚಿದ ಮೇಲೆ ನಿಜವಾದ ಪ್ರಶ್ನೆಗಳು ಬರುತ್ತವೆ. ನನ್ನ ಕೈ ನಡುಗುತ್ತದೆ, ಆಗುತ್ತಾ? ನಾನು ಎಡಚ, ಆಗುತ್ತಾ? ರಕ್ತ ನೋಡಿ ಒಂದು ಸಲ ತಲೆ ಸುತ್ತಿ ಬಿದ್ದಿದ್ದೇನೆ, ಮುಗೀತಾ? ಟ್ರೈನಿಂಗ್ ಮಧ್ಯೆ ಮಗು ಆದರೆ? ಸೀನಿಯರ್ ಕಿರುಚಿದರೆ ಯಾರಿಗೆ ಹೇಳಬೇಕು?

ನಡುಕ ಎಲ್ಲರಿಗೂ ಇದೆ, ಮೈಕ್ರೋಸ್ಕೋಪಿನ ಕೆಳಗೆ ಎಲ್ಲರ ಕೈಯೂ ನಡುಗುವುದು ಕಾಣುತ್ತದೆ. ಮೊಣಕೈಯಿಂದ ಕಿರುಬೆರಳ ತನಕ ಕೈಯನ್ನು ಮೇಜಿಗೆ ಆನಿಸಿ, ಬೆರಳ ತುದಿಯನ್ನಷ್ಟೇ ಆಡಿಸಲು ಕಲಿತರೆ ತುಂಬಾ ಕಡಿಮೆಯಾಗುತ್ತದೆ. ಕುರ್ಚಿಯ ಎತ್ತರ ಸರಿ ಮಾಡಿಕೊಳ್ಳೋದು ಅರ್ಧ ಕೆಲಸ. ಇನ್ನು ಎಡಗೈ. ಮಾಮೂಲಿ ಸೂಜಿ ಹಿಡಿಯುವ ಇಕ್ಕಳದ ಲಾಕ್ ಬಲಗೈಗೆ ಮಾಡಿದ್ದು, ಎಡಚರಿಗೆ ಬಿಚ್ಚಲು ಕಿರಿಕಿರಿ. ಮೈಕ್ರೋಸರ್ಜರಿಯಲ್ಲಿ ಸ್ಪ್ರಿಂಗ್ ಹಿಡಿಯ ಉಪಕರಣಗಳೇ ಹೆಚ್ಚು, ಲಾಕ್ ಇಲ್ಲದ್ದೂ ಸಿಗುತ್ತವೆ, ಯಾವ ಕೈಗಾದರೂ ಸರಿ. ಅದೂ ಅಲ್ಲದೆ ಎರಡೂ ಕೈ ಪಳಗಲೇಬೇಕು. ನಾನೂ ಎಡಚಿಯೇ, ಹೆಸರು ನೋಡಿ.

ಮಗುವಿನ ಪ್ರಶ್ನೆಗೆ 'ಎಲ್ಲಾ ಆಗುತ್ತೆ, ಮನಸ್ಸಿದ್ದರೆ ಮಾರ್ಗ' ಅಂತ ಉತ್ತರ ಕೊಡುವವರನ್ನು ಭಾಷಣಕ್ಕೆ ಕರೆಯಲೇಬೇಡಿ. ರಜೆ ಎಷ್ಟು ಸಿಗುತ್ತದೆ, ಟ್ರೈನಿಂಗ್ ಎಷ್ಟು ಮುಂದಕ್ಕೆ ಹೋಗುತ್ತದೆ, ರಾತ್ರಿ ಡ್ಯೂಟಿ ಯಾರು ಹೊರುತ್ತಾರೆ, ಮನೆಯಲ್ಲಿ ಯಾರು ನಿಂತರು ಅಂತ ನೇರವಾಗಿ ಹೇಳುವ ಹೆಂಗಸರನ್ನು ಕರೆಯಿರಿ. ಅವರನ್ನು 'ಮಹಿಳೆಯರು ಮತ್ತು ಸರ್ಜರಿ' ಅನ್ನುವ ಒಂದು ದಿನಕ್ಕೆ ಮೀಸಲಿಡಬೇಡಿ. ಫ್ಲ್ಯಾಪ್ ಬಗ್ಗೆ, ಬೆರಳು ಜೋಡಿಸುವುದರ ಬಗ್ಗೆ ಮಾತಾಡಲು ಕರೆಯಿರಿ. ಈ ಪ್ರಶ್ನೆಗಳು ಗಂಡು ಹುಡುಗರಿಗೂ ಇರುತ್ತವೆ, ಅವರು ಕೇಳುವುದಿಲ್ಲ ಅಷ್ಟೇ.

ಮ್ಯೂಟ್‌ಮಾಡಿ

ನಾನು ಡಾಕ್ಟರ್ ಅಲ್ಲ, ಇಂಥ ಕಾರ್ಯಕ್ರಮಗಳ ತಾಂತ್ರಿಕ ಕೆಲಸ ನೋಡಿಕೊಳ್ಳುತ್ತೇನೆ. ಮೇಲೆ ಹೆಸರಿಲ್ಲದ ಪ್ರಶ್ನೆ ಬೇಕು ಅಂದರು, ಸಣ್ಣ ಗುಂಪಿನ ಮಾತುಕತೆಯೂ ಬೇಕಾದರೆ ಎರಡೂ ಒಂದಕ್ಕೊಂದು ಸ್ವಲ್ಪ ಅಡ್ಡ ಬರುತ್ತವೆ, ಅದಕ್ಕೆ ಬರೆಯುತ್ತಿದ್ದೇನೆ.

ಝೂಮ್‌ನಲ್ಲಿ ವೆಬಿನಾರ್ ಬೇರೆ, ಮೀಟಿಂಗ್ ಬೇರೆ. ವೆಬಿನಾರ್‌ನಲ್ಲಿ ಕೇಳುಗರು ಒಬ್ಬರಿಗೊಬ್ಬರು ಕಾಣುವುದಿಲ್ಲ, ಹೆಸರಿಲ್ಲದ ಪ್ರಶ್ನೆಗೆ ಅನುಕೂಲ, ಆದರೆ ಸಣ್ಣ ಗುಂಪಾಗಿ ಒಡೆಯುವ ಬ್ರೇಕ್‌ಔಟ್ ಕೋಣೆ ಇಲ್ಲ. ಮೀಟಿಂಗ್‌ನಲ್ಲಿ ಕೋಣೆಗಳಿವೆ. ನನ್ನ ಸಲಹೆ, ಮೀಟಿಂಗ್ ಇಟ್ಟುಕೊಳ್ಳಿ, ಪ್ರಶ್ನೆಗೆ ಸ್ಲೈಡೋ ಥರದ ಬೇರೆ ಪುಟ ಕೊಡಿ, ಅಲ್ಲಿ ಹೆಸರು ಹಾಕದೆ ಕೇಳಬಹುದು. ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ, ಒಂದು ಗಂಟೆಯ ಕಾರ್ಯಕ್ರಮಕ್ಕೆ ಆ ಖಾತೆ ನಂಬಬೇಡಿ.

ಮೈಕ್ರೋಸ್ಕೋಪ್ ವಿಡಿಯೋ ಸ್ಕ್ರೀನ್ ಹಂಚಿ ಓಡಿಸಿದರೆ ಕುಂಟುತ್ತದೆ. ಹಂಚುವಾಗ ವಿಡಿಯೋ ಕ್ಲಿಪ್‌ಗೆ ಹೊಂದಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಅದಕ್ಕಿಂತ ಒಳ್ಳೆಯದು, ಎರಡು ನಿಮಿಷದ ಕ್ಲಿಪ್ಪನ್ನು ಹಿಂದಿನ ದಿನವೇ ಲಿಂಕ್ ಮಾಡಿ ಕಳಿಸಿ. ನೆಟ್ ನಿಧಾನ ಇರುವವರು ಮೊದಲೇ ನೋಡಿಕೊಂಡು ಬರುತ್ತಾರೆ. ಮತ್ತೆ, ಭಾಷಣಕಾರರೇ ಚಾಟ್ ನೋಡುತ್ತಾ ಕೂರಬಾರದು. ಪ್ರಶ್ನೆ ಆರಿಸಿ ಓದಲು ಒಬ್ಬ ರೆಸಿಡೆಂಟ್ ಇರಲಿ. ನೋಂದಾಯಿಸಿದವರೆಲ್ಲಾ ಬರುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ಬರುವುದಿಲ್ಲ.

ಕೊನೇಬೆಂಚು

ಸೂಜಿದಾರ ಸರ್, ಇನ್ನೊಂದು ವಿಷಯ. ನಾನು ಪ್ಲಾಸ್ಟಿಕ್ ಸರ್ಜನ್ ಆಗುವುದಿಲ್ಲ ಅಂತ ಬಹುತೇಕ ಖಾತ್ರಿ. ನನ್ನಂಥವನು ಯಾಕೆ ಬರಬೇಕು? ಏನಾದರೂ ಕೈಗೆ ಸಿಗುತ್ತಾ?

ಸೂಜಿದಾರ

ಸಿಗಬೇಕು. ಪ್ರತಿ ಸೆಮಿನಾರ್‌ನಲ್ಲಿ ಯಾವ ಡಾಕ್ಟರಿಗಾದರೂ ಬೇಕಾಗುವ ಒಂದು ವಿಷಯ ಇಡುತ್ತೇನೆ. ಎರಡು ಉದಾಹರಣೆ ಕೊಡುತ್ತೇನೆ.

ಬೆರಳು ತುಂಡಾಗಿ ಬಂದರೆ ಆ ತುಂಡನ್ನು ಏನು ಮಾಡುತ್ತೀರಿ? ಎಷ್ಟೋ ಸಲ ನೇರವಾಗಿ ಐಸಿನಲ್ಲಿ ಮುಳುಗಿಸಿ ಕಳಿಸುತ್ತಾರೆ. ಹಾಗೆ ಮಾಡಿದರೆ ಜೀವಕೋಶ ಹೆಪ್ಪುಗಟ್ಟಿ ಹಾಳಾಗುತ್ತದೆ. ಸಲೈನಿನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಡಬೇಕು. ಬೆರಳಿನಲ್ಲಿ ಮಾಂಸಖಂಡ ಇಲ್ಲ, ಹಾಗಾಗಿ ತಣ್ಣಗಿಟ್ಟರೆ ಸುಮಾರು ಒಂದು ದಿನದವರೆಗೂ ಜೋಡಿಸುವ ಆಸೆ ಇರುತ್ತದೆ. ತೋಳು ಹೋದರೆ ಅಷ್ಟು ಸಮಯ ಇಲ್ಲ, ತಣ್ಣಗಿಡದಿದ್ದರೆ ಸುಮಾರು 6 ಗಂಟೆ.

ಎರಡನೆಯದು ಸುಟ್ಟ ಗಾಯಕ್ಕೆ ಡ್ರಿಪ್. 70 ಕೆ.ಜಿ. ಮನುಷ್ಯ, ಮೈಯ ಶೇ. 30 ಭಾಗ ಸುಟ್ಟಿದೆ. ಪಾರ್ಕ್‌ಲ್ಯಾಂಡ್ ಲೆಕ್ಕದಲ್ಲಿ (ಪ್ರತಿ ಕೆ.ಜಿ.ಗೆ, ಸುಟ್ಟ ಪ್ರತಿ ಶೇಕಡಾ ಒಂದಕ್ಕೆ 4 ಮಿ.ಲೀ.) 4 × 70 × 30, ಅಂದರೆ 24 ಗಂಟೆಗೆ 8,400 ಮಿ.ಲೀ. ಅರ್ಧ ಮೊದಲ 8 ಗಂಟೆಯಲ್ಲಿ. ಇಷ್ಟು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಈಗ ರೋಗಿ ಸುಟ್ಟುಕೊಂಡು 3 ಗಂಟೆ ಆದ ಮೇಲೆ ಬಂದಿದ್ದಾನೆ, ಅಲ್ಲಿಯ ತನಕ ಏನೂ ಹಾಕಿಲ್ಲ. ಗಂಟೆಗೆ ಎಷ್ಟು? 8 ಗಂಟೆ ಲೆಕ್ಕ ಶುರುವಾಗುವುದು ಸುಟ್ಟ ಗಳಿಗೆಯಿಂದ, ಆಸ್ಪತ್ರೆ ಬಾಗಿಲಿಂದಲ್ಲ. ಅಂದರೆ 4,200 ಮಿ.ಲೀ.ಯನ್ನು ಉಳಿದ 5 ಗಂಟೆಯಲ್ಲಿ, ಗಂಟೆಗೆ 840. ಇದೂ ಶುರುವಿನ ಅಂದಾಜು ಮಾತ್ರ. 4ರ ಬದಲು 2ರಿಂದಲೇ ಶುರು ಮಾಡಿ ಅನ್ನುವವರೂ ಇದ್ದಾರೆ. ಹೇಗೇ ಶುರು ಮಾಡಿದರೂ ಮೂತ್ರ ನೋಡಿ ಹೆಚ್ಚು ಕಡಿಮೆ ಮಾಡಬೇಕು. ದೊಡ್ಡವರಲ್ಲಿ ಗಂಟೆಗೆ ಕೆ.ಜಿ.ಗೆ ಅರ್ಧ ಮಿ.ಲೀ. ಬರುತ್ತಿರಬೇಕು.

ಇದನ್ನು ಪೋಲ್ ಹಾಕಿ, ಲೆಕ್ಕ ಮಾಡಿಸಿ, ಆಮೇಲೆ ಆ ರೋಗಿಗೆ ಮುಂದಿನ ಒಂದು ವರ್ಷ ಏನೇನಾಯಿತು ಅಂತ ಹೇಳಬೇಕು. ಚರ್ಮ ಕಸಿ, ಫಿಸಿಯೋಥೆರಪಿ, ಕತ್ತು ಎಳೆದುಕೊಂಡಿದ್ದು, ಮತ್ತೆ ಆಪರೇಷನ್. ಕೆರಿಯರ್ ಅಂದ್ರೆ ಅದೇ ತಾನೇ, ಒಬ್ಬನೇ ಮನುಷ್ಯನ ಜೊತೆ ಅಷ್ಟು ಕಾಲ ಇರೋದು.

ಕೊನೇಬೆಂಚು

840 ನನಗೆ ಬರಲಿಲ್ಲ. 525 ಅಂದುಕೊಂಡಿದ್ದೆ. ಸರಿ, ಬರುತ್ತೇನೆ.

ಒಪ್ಪಿಗೆಪತ್ರ

ಅನಸ್ತೇಷಿಯಾ ವಿಭಾಗದವಳು, ನಮ್ಮ ಆಸ್ಪತ್ರೆಯ ನೀತಿ ಸಮಿತಿಯಲ್ಲೂ ಇದ್ದೇನೆ. ಒಳ್ಳೆ ಚರ್ಚೆ, ಆದರೆ ಯಾರೂ ರೋಗಿಯ ಫೋಟೋ ವಿಷಯ ಎತ್ತಿಲ್ಲ. ನಿಮ್ಮ ವಿಭಾಗದಲ್ಲಿ ಅರ್ಧ ಫೋಟೋ ಮುಖದ್ದೇ.

ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕು ಅನ್ನುವ ಕಾಲ ಹೋಯಿತು. ಅದು ಗುರುತು ಮರೆಸಲು ಸಾಲದು ಅಂತ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೇ ಹೇಳಿದೆ. ಹಚ್ಚೆ, ಹಳೇ ಕಲೆ, ಸ್ಲೈಡಿನ ಮೂಲೆಯಲ್ಲಿ ಉಳಿದ ಆಸ್ಪತ್ರೆ ನಂಬರ್, ಎಕ್ಸ್‌ರೇ ಮೇಲಿನ ಹೆಸರು, ಇವೆಲ್ಲಾ ಹಿಡಿದುಕೊಡುತ್ತವೆ. 'ಪಾಠಕ್ಕೆ ಬಳಸಬಹುದು' ಅಂತ ರೋಗಿ ಹಿಂದೆ ಸಹಿ ಹಾಕಿದ್ದು ಒಂದು ಕೋಣೆಯ ಪಾಠಕ್ಕೆ. ನೂರಾರು ಜನ ಸ್ಕ್ರೀನ್‌ಶಾಟ್ ತೆಗೆಯಬಹುದಾದ, ರೆಕಾರ್ಡ್ ಆಗುವ ಕಾರ್ಯಕ್ರಮಕ್ಕೆ ಅಂತ ಬಿಡಿಸಿ ಹೇಳಿ ಬೇರೆ ಒಪ್ಪಿಗೆ ತಗೊಳ್ಳಿ. ಬೇಡ ಅಂದರೆ ಚಿತ್ರ ಬರೆದು ತೋರಿಸಿ. ಮೊದಲ ಮಹಾಯುದ್ಧದಲ್ಲಿ ಪ್ಲಾಸ್ಟಿಕ್ ಸರ್ಜನ್ ಹೆರಾಲ್ಡ್ ಗಿಲ್ಲೀಸ್ ಜೊತೆ ಹೆನ್ರಿ ಟಾಂಕ್ಸ್ ಅನ್ನುವ ಚಿತ್ರಕಾರ ಸೈನಿಕರ ಮುಖಗಳನ್ನು ಬಣ್ಣದ ಕಡ್ಡಿಯಲ್ಲಿ ಬರೆದಿಟ್ಟಿದ್ದಾರೆ, ಒಳ್ಳೆಯ ರೇಖಾಚಿತ್ರ ಎಷ್ಟೋ ಸಲ ಫೋಟೋಗಿಂತ ಚೆನ್ನಾಗಿ ಕಲಿಸುತ್ತದೆ.

ಇನ್ನು ಆಪರೇಷನ್ ನೇರ ಪ್ರಸಾರ ಮಾಡೋಣ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಬೇಡ. ಸರ್ಜನ್ ಗಮನ ಪ್ರೇಕ್ಷಕರ ಕಡೆ ಹೋಗುತ್ತದೆ, ಏನಾದರೂ ಕೈತಪ್ಪಿದರೆ ಅದೂ ನೇರ ಪ್ರಸಾರ. ಮೇಜಿನ ಮೇಲೆ ಮಲಗಿದವರಿಗೆ ಇದರಿಂದ ಏನೂ ಲಾಭ ಇಲ್ಲ. ಮೊದಲೇ ಮಾಡಿದ ವಿಡಿಯೋ ಸಾಕು.

ಸೂಜಿದಾರ

ಕೆಲಸಕ್ಕೆ ಬರುವ ಮಾತು. ನೇರ ಪ್ರಸಾರದ ಯೋಚನೆ ನನ್ನ ಪಟ್ಟಿಯಲ್ಲಿ ಇತ್ತು, ತೆಗೆದೆ.

ಅಳತೆಗೋಲು

ವೈದ್ಯಕೀಯ ಶಿಕ್ಷಣದಲ್ಲಿ ಸಂಶೋಧನೆ ಮಾಡುತ್ತೇನೆ. ಸೆಮಿನಾರ್ ಮುಗಿದ ಮೇಲೆ ಒಂದು ಫಾರ್ಮ್ ಕಳಿಸುತ್ತೀರಿ, 'ಈ ವಿಭಾಗದಲ್ಲಿ ನಿಮ್ಮ ಆಸಕ್ತಿ ಹೆಚ್ಚಾಯಿತೇ?' ಅಂತ. ಎಲ್ಲರೂ ಹೌದು ಅಂತಾರೆ. ಅದನ್ನು ಪೇಪರ್ ಮಾಡಿ ಹಾಕುತ್ತೀರಿ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಬಂದವರೇ ಮೊದಲೇ ಆಸಕ್ತಿ ಇದ್ದವರು. ಅವರಲ್ಲಿ ಫಾರ್ಮ್ ತುಂಬುವ ತನಕ ಕೂತವರು ಇನ್ನೂ ಆಸಕ್ತಿ ಇದ್ದವರು. ಸರ್ಟಿಫಿಕೇಟ್ ಬೇಕಾದವರು ಹೌದು ಅನ್ನದೇ ಇರುತ್ತಾರಾ? ತರಬೇತಿ ಅಳೆಯಲು ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದ. ಇಷ್ಟವಾಯಿತಾ, ಕಲಿತರಾ, ಆಮೇಲೆ ಮಾಡುವ ರೀತಿ ಬದಲಾಯಿತಾ, ಕೊನೆಗೆ ಫಲ ಸಿಕ್ಕಿತಾ. ನಾವು ಮೊದಲ ಮೆಟ್ಟಿಲಲ್ಲೇ ಕೂತು ಚಪ್ಪಾಳೆ ತಟ್ಟುತ್ತೇವೆ.

ನಾನಾದರೆ ಹೀಗೆ ಮಾಡುತ್ತೇನೆ. ಶುರುವಿನಲ್ಲಿ ಒಂದು ಪ್ರಶ್ನೆ: ಪ್ಲಾಸ್ಟಿಕ್ ಸರ್ಜನ್ ಮಾಡುವ ಐದು ಕೆಲಸ ಬರೆಯಿರಿ. ಇದನ್ನೇ ಮೂರು ತಿಂಗಳು ಬಿಟ್ಟು ಮತ್ತೆ ಕೇಳಿ, ಆಗ ಎಷ್ಟು ಉಳಿದಿದೆ ಗೊತ್ತಾಗುತ್ತದೆ. ಒಂದು ವರ್ಷದ ಮೇಲೆ ಕೇಳಿ, ಯಾವುದಾದರೂ ವಿಭಾಗಕ್ಕೆ ಹೋಗಿ ನಿಂತು ನೋಡಿದಿರಾ? ಯಾರಿಗಾದರೂ ಮೇಲ್ ಮಾಡಿದಿರಾ? ಉತ್ತರ ಬಂತಾ? 'ನೋಡಿದೆ, ನನಗಲ್ಲ ಅಂತ ಗೊತ್ತಾಯಿತು' ಅಂದವರನ್ನೂ ಲೆಕ್ಕಕ್ಕೆ ತಗೊಳ್ಳಿ, ಸೋಲು ಅಂತ ಬರೆಯಬೇಡಿ. ಮೂರು ವರ್ಷ ಟ್ರೈನಿಂಗ್ ಮಾಡಿ ಬಿಟ್ಟು ಹೋಗುವುದಕ್ಕಿಂತ ಒಂದು ಗಂಟೆ ನೋಡಿ ಬಿಡೋದು ಎಷ್ಟೋ ಮೇಲು.

ರಾತ್ರಿಪಾಳಿ

ಹೌದು, ಮೇಲ್‌ಗೆ ಉತ್ತರ ಬಂತಾ ಅನ್ನೋದು ಮುಖ್ಯ. ನಾನು ಓದುವಾಗ ಒಬ್ಬ ದೊಡ್ಡ ಸರ್ಜನ್ ವೆಬಿನಾರ್‌ನಲ್ಲಿ 'ಯಾವಾಗ ಬೇಕಾದರೂ ಬರೆಯಿರಿ' ಅಂದರು. ಬರೆದೆ. ಇವತ್ತಿಗೂ ಕಾಯುತ್ತಿದ್ದೇನೆ. 🙂

ಎಡಗೈ

ಹಳೇಕತ್ತರಿ ಸರ್ ಕೇಳಿದ 'ಮರುದಿನ ಏನು' ಪ್ರಶ್ನೆಗೆ ಬರೋಣ. ಭಾಷಣಕಾರರ ಮೇಲ್ ಕೊಡೋದು ಉತ್ತರ ಅಲ್ಲ. ಬಂದವರಲ್ಲಿ ಮುಂದುವರಿಯಬೇಕು ಅನ್ನುವವರನ್ನು ಮೂರು ನಾಲ್ಕು ಜನರ ಗುಂಪು ಮಾಡಿ, ಒಬ್ಬೊಬ್ಬ ರೆಸಿಡೆಂಟ್ ಕೈಗೆ ಕೊಡಿ. ದೊಡ್ಡ ಪ್ರೊಫೆಸರ್ ಬೇಡ, ಅವರಿಗೆ ಸಮಯ ಇಲ್ಲ, ಹುಡುಗರಿಗೆ ಕೇಳಲು ಧೈರ್ಯವೂ ಇಲ್ಲ. ಎರಡು ವರ್ಷದ ಹಿಂದೆ ಇದೇ ಗೊಂದಲದಲ್ಲಿ ಇದ್ದವರೇ ಒಳ್ಳೆಯವರು.

ದಾರಿಯ ವಿವರವನ್ನೂ ಅಲ್ಲೇ ಹೇಳಲಿ. ಅದು ಎಲ್ಲಾ ಕಡೆ ಒಂದೇ ಅಲ್ಲ. ಕೆಲವು ಕಡೆ ಮೊದಲು ಜನರಲ್ ಸರ್ಜರಿ ಮುಗಿಸಿ ಆಮೇಲೆ ಇದಕ್ಕೆ ಬರಬೇಕು. ಅಮೆರಿಕದಲ್ಲಿ ಮೆಡಿಕಲ್ ಮುಗಿದ ಮೇಲೆ ನೇರವಾಗಿ ಸೇರುವ 6 ವರ್ಷದ ದಾರಿಯೂ ಇದೆ. ಬೇರೆ ಬೇರೆ ಕಡೆಯವರು ಸೇರಿರುವ ಸೆಮಿನಾರ್‌ನಲ್ಲಿ ಒಂದು ದಾರಿಯ ಬಾಣದ ಚಿತ್ರ ಹಾಕಿದರೆ ಉಳಿದವರು ಸುಮ್ನೆ ಕೂರುತ್ತಾರೆ.

ದೂರದಕಾಲೇಜು

ಕೈಯಲ್ಲಿ ಏನಾದರೂ ಮಾಡಿಸುತ್ತೀರಾ ಮೇಡಂ? ನೋಡಿ ನೋಡಿ ಸಾಕಾಗಿದೆ.

ಸೂಜಿದಾರ

ಮಾಡಿಸುತ್ತೇನೆ. ಮೊದಲ ಸೆಮಿನಾರ್‌ನಲ್ಲೇ ಝಡ್-ಪ್ಲಾಸ್ಟಿ, ಅಂದರೆ ಬಿಗಿದು ಎಳೆದುಕೊಂಡ ಕಲೆಯನ್ನು ಉದ್ದ ಮಾಡುವ ವಿಧಾನ. ಇಲ್ಲೇ ಹೇಳುತ್ತೇನೆ, ಈಗಲೇ ಮಾಡಿ ನೋಡಿ.

ಎಳೆದರೆ ಹಿಗ್ಗುವ ಹಳೇ ಟೀ ಶರ್ಟ್ ಬಟ್ಟೆ, ಒಂದು ರಟ್ಟು, ಗುಂಡುಪಿನ್, ಕತ್ತರಿ, ಪೆನ್ನು. ಬಟ್ಟೆಯನ್ನು ರಟ್ಟಿನ ಮೇಲೆ ಪಿನ್ ಮಾಡಿ. ಮಧ್ಯದಲ್ಲಿ 3 ಸೆಂ.ಮೀ. ಗೆರೆ ಎಳೆಯಿರಿ. ಎಳೆದುಕೊಂಡ ಕಲೆ ಇದು ಅಂದುಕೊಳ್ಳಿ. ಮೇಲಿನ ತುದಿಯಿಂದ ಒಂದು ಪಕ್ಕಕ್ಕೆ, ಕೆಳಗಿನ ತುದಿಯಿಂದ ಇನ್ನೊಂದು ಪಕ್ಕಕ್ಕೆ, ಎರಡೂ 3 ಸೆಂ.ಮೀ., ಎರಡೂ 60 ಡಿಗ್ರಿ. ಝಡ್ ಆಕಾರ ಬರುತ್ತದೆ. ಮೂರೂ ಗೆರೆ ಕತ್ತರಿಸಿ. ಈಗ ಎರಡು ತ್ರಿಕೋನ ಬಿಡಿಯಾಗಿ ನಿಂತಿವೆ, ಅವುಗಳ ಜಾಗ ಅದಲು ಬದಲು ಮಾಡಿ ಪಿನ್ ಹಾಕಿ.

ಮಧ್ಯದ ಗೆರೆ ಅಡ್ಡಕ್ಕೆ ತಿರುಗಿರುತ್ತದೆ. ಮೊದಲು 3 ಸೆಂ.ಮೀ. ದೂರ ಇದ್ದ ತುದಿಗಳ ನಡುವೆ ಲೆಕ್ಕದ ಪ್ರಕಾರ ಈಗ 5ಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಅಂದರೆ ಶೇ. 75ರಷ್ಟು ಉದ್ದ ಸಿಕ್ಕಿತು. ನಿಜವಾದ ಚರ್ಮದಲ್ಲಿ ಅಷ್ಟು ಸಿಗುವುದಿಲ್ಲ, ಆದರೂ ಬಾಗಿದ ಬೆರಳು ನೆಟ್ಟಗಾಗುವಷ್ಟು ಸಿಗುತ್ತದೆ. ಹೊಸ ಚರ್ಮ ಎಲ್ಲಿಂದಲೂ ತಂದಿಲ್ಲ ನೋಡಿ, ಪಕ್ಕದಲ್ಲಿ ಸಡಿಲ ಇದ್ದದ್ದನ್ನು ಉದ್ದಕ್ಕೆ ತಿರುಗಿಸಿದ್ದು ಅಷ್ಟೇ. ನಮ್ಮ ಕೆಲಸದಲ್ಲಿ ಬಹಳಷ್ಟು ಈ ಥರದ ಯೋಚನೆಯೇ.

ಕೊನೇಬೆಂಚು

ಬಟ್ಟೆ ಸಿಗಲಿಲ್ಲ, ಪೇಪರಿನಲ್ಲಿ ಮಾಡಿದೆ. ಎರಡೂ ಕಡೆ ಮೂಲೆ ಗೋಪುರದ ಥರ ಎದ್ದು ನಿಂತಿದೆ, ಮಲಗುತ್ತಲೇ ಇಲ್ಲ.

ಎಡಗೈ

ಪೇಪರ್ ಹಿಗ್ಗುವುದಿಲ್ಲವಲ್ಲ, ಅದಕ್ಕೆ. ಆ ಎದ್ದು ನಿಂತ ಮೂಲೆಗೆ ನಾವು ನಾಯಿಕಿವಿ ಅಂತೀವಿ, ಚರ್ಮದಲ್ಲೂ ಬರುತ್ತದೆ. ಬಟ್ಟೆಯಲ್ಲಿ ಮಾಡಿದರೆ ಕಡಿಮೆಯಾಗುತ್ತದೆ. ಈಗ ಅದೇ ಪೇಪರಿನಲ್ಲಿ ಒಂದು ಕೋನ 60, ಇನ್ನೊಂದು 30 ಮಾಡಿ ನೋಡಿ. ಏನಾಗುತ್ತದೆ ಅಂತ ನೀವೇ ಹೇಳಿ.

ದೂರದಕಾಲೇಜು

ಟೀ ಶರ್ಟ್‌ನಲ್ಲಿ ಮಾಡಿದೆ. 4.6 ಸೆಂ.ಮೀ. ಬಂತು. ಚೂಪಾದ ತುದಿ ಸರಿಯಾಗಿ ಕೂರುತ್ತಿಲ್ಲ, ಎಳೆದು ಪಿನ್ ಚುಚ್ಚಿದರೆ ಬಟ್ಟೆ ಹರಿಯುತ್ತಿದೆ.

ಎಡಗೈ

ಅದೇ ಜಾಗದಲ್ಲೇ ರೋಗಿಯ ಚರ್ಮವೂ ಕಪ್ಪಾಗಿ ಸಾಯುವುದು, ತುದಿಗೆ ರಕ್ತ ತಲುಪೋದು ಎಲ್ಲಕ್ಕಿಂತ ಕಷ್ಟ. ತುದಿಯನ್ನು ಇಕ್ಕಳದಲ್ಲಿ ಹಿಸುಕಿ ಹಿಡಿಯಬಾರದು, ಕೊಕ್ಕೆಯಲ್ಲಿ ಮೆಲ್ಲಗೆ ಎತ್ತಬೇಕು. ತುದಿಯ ಒಳಪದರದಲ್ಲಷ್ಟೇ ಸೂಜಿ ಹಾಯಿಸಿ, ಎಳೆಯದೆ ಕೂರಿಸುವ ಒಂದು ಹೊಲಿಗೆ ಇದೆ, ಅದನ್ನು ಕ್ಯಾಮೆರಾ ಮುಂದೆ ತೋರಿಸುತ್ತೇನೆ.

ಹಳೇಕತ್ತರಿ

ಇದು ಪರವಾಗಿಲ್ಲ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಪರದೆ ನೋಡಿ ಯಾರೂ ನಿರ್ಧಾರ ಮಾಡಬಾರದು, ವಾರ್ಡಿನಲ್ಲಿ ಒಂದು ವಾರವಾದರೂ ನಿಲ್ಲಲೇಬೇಕು. ಸೆಮಿನಾರ್‌ಗೆ ಬಂದವರಲ್ಲಿ ವಿಭಾಗ ಇಲ್ಲದ ಕಾಲೇಜಿನವರಿಗೆ ಮೊದಲ ಆದ್ಯತೆ ಕೊಟ್ಟು, ಒಬ್ಬಿಬ್ಬರನ್ನು ನನ್ನ ವಿಭಾಗಕ್ಕೆ ವಾರದ ಮಟ್ಟಿಗೆ ಕಳಿಸಿ. ನಿಲ್ಲಿಸಿಕೊಳ್ಳುತ್ತೇನೆ. ಅನುಮತಿ ಕಾಗದಕ್ಕೆ ಸ್ವಲ್ಪ ಸಮಯ ಬೇಕು, ಕಾಲೇಜಿನಿಂದ ಪತ್ರ ತರಬೇಕು, ಲಸಿಕೆ ದಾಖಲೆ ತರಬೇಕು. ಹೊಗಳಿಕೆ ಪತ್ರಕ್ಕೆ ಮಾತ್ರ ಬರುವವರನ್ನು ಎರಡನೇ ದಿನವೇ ಕಂಡುಹಿಡಿಯುತ್ತೇನೆ.

ಸೂಜಿದಾರ

ದೊಡ್ಡ ಉಪಕಾರ ಸರ್. ಹಾಗಾದರೆ ಮೊದಲನೆಯದು ಸುಟ್ಟ ಗಾಯದ ರೋಗಿಯ ಒಂದು ವರ್ಷ, ಜೊತೆಗೆ ಝಡ್-ಪ್ಲಾಸ್ಟಿ. ಎರಡನೆಯದು ರಾತ್ರಿಪಾಳಿಯವರ ಫ್ಲ್ಯಾಪ್ ರಾತ್ರಿ, ಉಳಿಯದೇ ಹೋದ ಒಂದು ಫ್ಲ್ಯಾಪ್ ಕೂಡ ಅದರಲ್ಲಿ ಇರಲಿ. ಮೂರನೆಯದು ಎಡಗೈ ಮೇಡಂ, ಬೆರಳು ಜೋಡಿಸೋದು. ಪರಿಚಯಕ್ಕೆ ಒಂದೇ ಸಾಲು. ಸರ್ಟಿಫಿಕೇಟ್ ಇಲ್ಲ, ಅದರಿಂದ ಎಷ್ಟು ಜನ ಕಡಿಮೆ ಬಂದರೂ ಚಿಂತೆ ಇಲ್ಲ.

ದೂರದಕಾಲೇಜು

ರೆಕಾರ್ಡ್ ಸಿಗುತ್ತಾ ಸರ್? ಸಂಜೆ ಹೊತ್ತು ನಮಗೆ ವಾರ್ಡ್ ಡ್ಯೂಟಿ ಇರುತ್ತದೆ.

ಒಪ್ಪಿಗೆಪತ್ರ

ಭಾಷಣದ ಭಾಗ ಮಾತ್ರ ಕೊಡಬಹುದು, ರೋಗಿ ಒಪ್ಪಿದ್ದರೆ. ಪ್ರಶ್ನೋತ್ತರ ರೆಕಾರ್ಡ್ ಮಾಡಬೇಡಿ, ಮಾಡುವುದಿಲ್ಲ ಅಂತ ಶುರುವಿನಲ್ಲೇ ಹೇಳಿ. ಇಲ್ಲದಿದ್ದರೆ ಸೀನಿಯರ್ ಕಿರುಚುವ ಪ್ರಶ್ನೆ ಯಾರೂ ಕೇಳುವುದಿಲ್ಲ.

ಮ್ಯೂಟ್‌ಮಾಡಿ

ಡ್ಯೂಟಿ ಇರುವವರಿಗಾಗಿ ಪ್ರಶ್ನೆ ಪುಟವನ್ನು ಹಿಂದಿನ ದಿನವೇ ತೆರೆದು, ಮುಗಿದ ಮೇಲೂ ಎರಡು ದಿನ ತೆರೆದಿಡುತ್ತೇನೆ. ಉತ್ತರವನ್ನು ರೆಸಿಡೆಂಟ್‌ಗಳು ಬರೆದು ಹಾಕಲಿ. ಸೂಜಿದಾರ ಸರ್, ಟೀ ಶರ್ಟ್ ಕತ್ತರಿಸುವಾಗ ಮುಖ ತೋರಿಸುವ ಕ್ಯಾಮೆರಾ ಸಾಲದು, ಮೇಲಿಂದ ಕೈ ಕಾಣುವ ಎರಡನೇ ಫೋನ್ ಬೇಕು. ಭಾನುವಾರ ಒಂದು ಸಲ ಇಬ್ಬರೇ ಕೂತು ಓಡಿಸಿ ನೋಡೋಣ, ಬಟ್ಟೆ ಗಾಢ ಬಣ್ಣದ್ದು ಬೇಡ, ಗೆರೆ ಕಾಣುವುದಿಲ್ಲ.